ಜ್ವರದ ಎಷ್ಟನೇ ದಿನದ ಸ್ಯಾಂಪಲ್?

ಮಗುವಿಗೆ ಜ್ವರ, ಹಿಂದೆಯೇ ಫಿಟ್ಸ್, ಕೂಗಿದರೂ ಎಚ್ಚರವಿಲ್ಲ. ಮೆದುಳು ಜ್ವರ ಇರಬಹುದು, ಬೆನ್ನಿನಿಂದ ನೀರು ತೆಗೆದು ನೋಡೋಣ ಎಂದು ಡಾಕ್ಟರು ಹೇಳಿದ ಕೂಡಲೇ ಮನೆಯವರು ಹಿಂದೇಟು ಹಾಕುತ್ತಾರೆ. 'ನೀರು ತೆಗೆದರೆ ಕಾಲು ಬಿದ್ದುಹೋಗುತ್ತಂತೆ' ಅನ್ನುವ ಭಯ. ಸೂಜಿ ಹಾಕುವುದು ಬೆನ್ನುಹುರಿ ಮುಗಿದು ಇನ್ನೂ ಕೆಳಗೆ, ಸೊಂಟದ ಹತ್ತಿರ. ತೆಗೆಯುವುದು ಮೆದುಳು, ಬೆನ್ನುಹುರಿಯ ಸುತ್ತ ಇರುವ ದ್ರವದಲ್ಲಿ ಕೆಲವೇ ಮಿಲಿಲೀಟರ್, ಅಷ್ಟನ್ನು ದೇಹ ಕೆಲವು ಗಂಟೆಗಳಲ್ಲೇ ತುಂಬಿಕೊಳ್ಳುತ್ತದೆ. ತಲೆಯೊಳಗೆ ಒತ್ತಡ ಹೆಚ್ಚಿದ್ದರೆ ಡಾಕ್ಟರೇ ಮುಂದೂಡುತ್ತಾರೆ.

ಆಮೇಲಿನದು ಲ್ಯಾಬ್‌ನಲ್ಲಿರುವ ನಮ್ಮ ಪಾಲಿನ ಕೆಲಸ. ನಮ್ಮ ಕೈಗೆ ಬರುವುದು ಐಸ್ ಪ್ಯಾಕ್ ನಡುವೆ ಇಟ್ಟ ಪುಟ್ಟ ಟ್ಯೂಬ್ ಮತ್ತು ಒಂದು ಫಾರಂ. ಫಾರಂನಲ್ಲಿ ನಾನು ಮೊದಲು ಹುಡುಕುವುದು 'ಜ್ವರ ಶುರುವಾದ ದಿನಾಂಕ'. ಅದೇ ಕಾಲಂ ಎಷ್ಟೋ ಸಲ ಖಾಲಿ! ಆ ದಿನಾಂಕ ಇಲ್ಲದಿದ್ದರೆ ಎಷ್ಟು ದುಬಾರಿ ಯಂತ್ರ ಇದ್ದರೂ ರಿಪೋರ್ಟಿನ ಅರ್ಥ ಅರ್ಧಕ್ಕೇ ನಿಲ್ಲುತ್ತದೆ.

ಮೆದುಳು ಜ್ವರದ ಒಂದು ಬಗೆ ಜಪಾನೀಸ್ ಎನ್ಸೆಫಲೈಟಿಸ್ ನೋಡಿ. ಕೋಲಾರ, ಬಳ್ಳಾರಿ ಕಡೆಯವರಿಗೆ ಹೊಸ ಹೆಸರಲ್ಲ. ಗದ್ದೆಯ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಹಂದಿ, ಕೊಕ್ಕರೆಗಳಿಂದ ಮಗುವಿಗೆ ತರುವ ವೈರಸ್ ಅದು. ಫಿಟ್ಸ್ ಬರುವ ಹೊತ್ತಿಗೆ ರಕ್ತದಲ್ಲಿ ವೈರಸ್ ಬಹುತೇಕ ಇರುವುದಿಲ್ಲ, ಹಾಗಾಗಿ ರೋಗಾಣುವಿನ ಡಿಎನ್‌ಎ, ಆರ್‌ಎನ್‌ಎ ಹುಡುಕುವ ಪಿಸಿಆರ್ ಮಾಡಿದರೆ ಸಾಮಾನ್ಯವಾಗಿ ನೆಗೆಟಿವ್. ನಾವು ಹುಡುಕುವುದು ಅದರ ವಿರುದ್ಧ ದೇಹ ತಯಾರಿಸಿದ ಐಜಿಎಂ ಪ್ರತಿಕಾಯವನ್ನು, ಎಲೈಸಾ ವಿಧಾನದಲ್ಲಿ. ಅದು ಬೆಳೆಯಲು ಸಮಯ ಬೇಕು. ಎರಡನೇ ದಿನದ ಸ್ಯಾಂಪಲ್‌ನಲ್ಲಿ ಸಿಗದ್ದು ಹತ್ತನೇ ದಿನದ್ದರಲ್ಲಿ ಸಿಗಬಹುದು. ಬೆನ್ನಿನ ನೀರಲ್ಲೇ ಸಿಕ್ಕರೆ ಗಟ್ಟಿ ಸಾಕ್ಷಿ. ರಕ್ತದಲ್ಲಿ ಮಾತ್ರ ಸಿಕ್ಕರೆ ನಾನು ಅನುಮಾನದಿಂದಲೇ ನೋಡುತ್ತೇನೆ: ಈಚೆಗೆ ಹಾಕಿಸಿದ ಲಸಿಕೆ ಇರಬಹುದು, ಡೆಂಗಿಯ ಪ್ರತಿಕಾಯವೇ ಅಡ್ಡ ಬಂದಿರಬಹುದು.

ಮೆದುಳು ಜ್ವರ ತರುವ ಇನ್ನೊಂದು ವೈರಸ್ ಹರ್ಪಿಸ್, ಅದರ ಲೆಕ್ಕ ಬೇರೆ. ಇಲ್ಲಿ ಬೆನ್ನಿನ ನೀರಿನ ಪಿಸಿಆರ್ ಪರೀಕ್ಷೆಯೇ ಆಧಾರ. ಆದರೆ ಮೊದಲ ಮೂರು ದಿನ ಅದೂ ಕೈಕೊಡಬಹುದು. ಲಕ್ಷಣ, ಎಂಆರ್‌ಐ ಎರಡೂ ಹರ್ಪಿಸ್ ಅನ್ನುತ್ತಿದ್ದರೆ ಕೆಲವು ದಿನ ಬಿಟ್ಟು ಇನ್ನೊಮ್ಮೆ ನೀರು ತೆಗೆದು ಕಳಿಸಬೇಕು. 'ಒಮ್ಮೆ ನೆಗೆಟಿವ್ ಬಂತಲ್ಲ' ಎಂದು ಹರ್ಪಿಸ್‌ನ ಔಷಧಿ ಅಸೈಕ್ಲೊವಿರ್ ನಿಲ್ಲಿಸುವುದು ಅಪಾಯ. ಚಿಕಿತ್ಸೆ ಇಲ್ಲದಿದ್ದರೆ ಈ ರೋಗದಲ್ಲಿ ಸುಮಾರು 70% ಮಂದಿ ಉಳಿಯುವುದಿಲ್ಲ. ರಿಪೋರ್ಟ್ ಬರಲಿ ಎಂದು ಔಷಧಿ ತಡಮಾಡುವುದಂತೂ ಬೇಡವೇ ಬೇಡ; ಔಷಧಿ ಶುರುವಾದ ಮೇಲೂ ಕೆಲವು ದಿನ ಪಿಸಿಆರ್ ಪಾಸಿಟಿವ್ ಆಗಿಯೇ ಉಳಿಯುತ್ತದೆ.

ಒಂದೇ ಹನಿಯಲ್ಲಿ ಹತ್ತಾರು ರೋಗಾಣು ಹುಡುಕುವ ಮಲ್ಟಿಪ್ಲೆಕ್ಸ್ ಪ್ಯಾನೆಲ್‌ಗಳು ಈಗ ದೊಡ್ಡ ಆಸ್ಪತ್ರೆಗಳಲ್ಲಿವೆ. ಸುಮಾರು ಒಂದು ಗಂಟೆಯಲ್ಲಿ ಉತ್ತರ ಕೊಡುವಂಥವೂ ಇವೆ. ಪಟ್ಟಿಯಲ್ಲಿ ಏನಿದೆಯೋ ಅದಷ್ಟೇ ಗೊತ್ತಾಗುತ್ತದೆ. ಹೊರದೇಶದಲ್ಲಿ ತಯಾರಾದ ಪ್ಯಾನೆಲ್‌ನಲ್ಲಿ ನಮ್ಮ ಜಪಾನೀಸ್ ಎನ್ಸೆಫಲೈಟಿಸ್ಸೂ ಮೆದುಳು ಜ್ವರ ತರುವ ಚಂಡೀಪುರ ವೈರಸ್ಸೂ ಇಲ್ಲದಿರುವುದು ಸಾಮಾನ್ಯ. ಖರ್ಚು ಮಾಡುವ ಮೊದಲು ಪಟ್ಟಿ ಓದಿ.

ಇನ್ನು ಸೀಕ್ವೆನ್ಸಿಂಗ್. ಇಂಥದ್ದೇ ರೋಗಾಣು ಎಂದು ಊಹಿಸದೆ ದ್ರವದಲ್ಲಿರುವ ಎಲ್ಲ ಡಿಎನ್‌ಎ, ಆರ್‌ಎನ್‌ಎ ಓದಿಬಿಡುವ ವಿಧಾನ. 2014ರಲ್ಲಿ ಅಮೆರಿಕದ 14 ವರ್ಷದ ಹುಡುಗನೊಬ್ಬನ ವರದಿ ಬಂತು: ಉಳಿದ ಪರೀಕ್ಷೆಗಳೆಲ್ಲ ಸೋತಿದ್ದವು, ಸೀಕ್ವೆನ್ಸಿಂಗ್‌ನಲ್ಲಿ ಲೆಪ್ಟೊಸ್ಪೈರಾ ಸಿಕ್ಕಿತು, ಪೆನಿಸಿಲಿನ್‌ನಿಂದ ಚೇತರಿಸಿಕೊಂಡ. ಸಿಕ್ಕಿದ್ದು ವೈರಸ್ ಅಲ್ಲ, ಬ್ಯಾಕ್ಟೀರಿಯ! ಆದರೆ ಓದಿದ ತುಣುಕುಗಳಲ್ಲಿ ಬಹುಪಾಲು ರೋಗಿಯದೇ ಡಿಎನ್‌ಎ, ಜೊತೆಗೆ ರಾಸಾಯನಿಕಗಳಲ್ಲೇ ಸೇರಿಕೊಂಡ ಕಸ. ನನ್ನ ಕೇಳಿದರೆ ಇದು ಮೊದಲ ಪರೀಕ್ಷೆಯಲ್ಲ, ಕೊನೆಯದು.

ವೈರಸ್ ಎಂದುಕೊಂಡದ್ದು ಬ್ಯಾಕ್ಟೀರಿಯ ಆಗಿರಬಹುದು ಎನ್ನುವ ಪಾಠ ಉತ್ತರ ಪ್ರದೇಶದ ಗೋರಖಪುರದ್ದೂ ಹೌದು. ಜಪಾನೀಸ್ ಎನ್ಸೆಫಲೈಟಿಸ್‌ಗೆ ಲಸಿಕೆ ಹಾಕಿದ ಮೇಲೂ ಅಲ್ಲಿ ಮಳೆಗಾಲದಲ್ಲಿ ಮಕ್ಕಳು ಸಾಯುತ್ತಿದ್ದರು. ಹುಡುಕುತ್ತಾ ಹೋದಾಗ ಬಹಳಷ್ಟು ಮಕ್ಕಳಲ್ಲಿ ಸಿಕ್ಕಿದ್ದು ಬ್ಯಾಕ್ಟೀರಿಯದಿಂದ ಬರುವ ಸ್ಕ್ರಬ್ ಟೈಫಸ್, ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಮಾತ್ರೆಗೆ ಬಗ್ಗುವ ಕಾಯಿಲೆ. ಹಾಗಾಗಿ ವೈರಸ್ ಪರೀಕ್ಷೆ ಕೇಳಿ ಬಂದ ಫಾರಂನಲ್ಲಿ ಸ್ಕ್ರಬ್ ಟೈಫಸ್‌ಗೆ ಟಿಕ್ ಇಲ್ಲದಿದ್ದರೆ ನಾನೇ ವಾರ್ಡಿಗೆ ಫೋನ್ ಮಾಡುತ್ತೇನೆ. ಹೇಗೂ ಜ್ವರದ ದಿನಾಂಕ ಕೇಳಬೇಕಿರುತ್ತದಲ್ಲ.