ಮೊರ್ಯರ ಮನೆಗಳಿಗೆ ಮೊದಲು ಕೈ ಹಾಕುವವರು ಯಾರು?

ಕೊಪ್ಪಳ ಜಿಲ್ಲೆಯ ಗಂಗಾವತಿ ಹತ್ತಿರ ಹಿರೇಬೆಣಕಲ್ ಅಂತ ಊರಿದೆ. ಊರ ಹಿಂದಿನ ಗುಡ್ಡ ಹತ್ತಿದರೆ ಕಲ್ಲಿನ ಮನೆಗಳ ಸಾಲು. ಮೂರು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ್ದಾರೆ. ಕೆಲವಕ್ಕೆ ನಾಲ್ಕನೇ ಚಪ್ಪಡಿಯೂ ಇದೆ, ಅದರಲ್ಲಿ ದುಂಡಗೆ ಕೊರೆದ ಕಿಂಡಿ. ಇಂಥ ಶಿಲಾ ಸಮಾಧಿಗಳು ಅಲ್ಲಿ ಸುಮಾರು 400 ಇವೆ. ಕಬ್ಬಿಣ ಬಳಸಲು ಕಲಿತ ಜನ, ಎರಡು ಸಾವಿರ ವರ್ಷಕ್ಕೂ ಹಿಂದೆ, ಸತ್ತವರಿಗಾಗಿ ಕಟ್ಟಿದ್ದು. ಸುತ್ತಲಿನವರು ಇದನ್ನು ಮೊರ್ಯರ ಗುಡ್ಡ ಅನ್ನುತ್ತಾರೆ. ಮೊರ್ಯರು ಅಂದರೆ ಹಿಂದೆ ಇದ್ದ ಕುಳ್ಳ ಜನ, ಇವು ಅವರ ಮನೆಗಳು ಅಂತ ಕತೆ.

ಈ ಗುಡ್ಡ ಉಳಿದಿದೆ. ಹತ್ತಿ ಬರುವುದೇ ಕಷ್ಟ, ಅದೂ ಒಂದು ಕಾರಣ. ಬಯಲಿನಲ್ಲಿದ್ದ ಸಮಾಧಿಗಳಿಗೆ ಆ ಅದೃಷ್ಟ ಇರಲಿಲ್ಲ.

ರಸ್ತೆ, ಕಾಲುವೆ, ಕ್ವಾರಿ, ಲೇಔಟ್ ಬರುವ ಮುಂಚೆ ಆ ನೆಲದಲ್ಲಿ ಏನಿದೆ ಅಂತ ಅಗೆದು, ಅಳೆದು, ಚಿತ್ರ ಬರೆದು ದಾಖಲಿಸುವುದಕ್ಕೆ ರಕ್ಷಣಾ ಉತ್ಖನನ ಅನ್ನುತ್ತಾರೆ. ಜಾಗವನ್ನು ಉಳಿಸಲು ಆಗದಿದ್ದರೂ ಅದು ಹೇಳುವ ಮಾತನ್ನಾದರೂ ಉಳಿಸಿಕೊಳ್ಳೋಣ ಅನ್ನುವ ಕೆಲಸ ಇದು. ದಕ್ಷಿಣದಲ್ಲಿ ಇದರ ದೊಡ್ಡ ಉದಾಹರಣೆ ಕೃಷ್ಣಾ ನದಿಯ ನಾಗಾರ್ಜುನಕೊಂಡ. ಡ್ಯಾಂ ನೀರಿನಲ್ಲಿ ಮುಳುಗಲಿದ್ದ ಕಣಿವೆಯನ್ನು 1954ರಿಂದ 1960ರವರೆಗೆ ಅಗೆದರು. ಅಲ್ಲಿ ಬೌದ್ಧ ವಿಹಾರಗಳ ಜೊತೆ ಶಿಲಾ ಸಮಾಧಿಗಳೂ ಸಿಕ್ಕವು. ನಮ್ಮ ತುಂಗಭದ್ರಾ ಡ್ಯಾಂ ಅಷ್ಟರಲ್ಲಿ, 1953ಕ್ಕೇ, ಮುಗಿದಿತ್ತು.

ಡ್ಯಾಂ ನೀರು ಗಂಗಾವತಿ, ಸಿಂಧನೂರು ಕಡೆ ಭತ್ತ ತಂದಿತು. ಬರ ಕಂಡ ನೆಲಕ್ಕೆ ಅದು ದೊಡ್ಡ ವರವೇ. ಆದರೆ ಭತ್ತಕ್ಕೆ ನೀರು ನಿಲ್ಲಬೇಕು, ನೀರು ನಿಲ್ಲಲು ನೆಲ ಸಮ ಇರಬೇಕು. ಹೊಲದ ನಡುವೆ ಕಲ್ಲಿನ ವೃತ್ತವೊಂದಿದ್ದರೆ ಅದನ್ನು ಎತ್ತಿ ಬದುವಿಗೆ ಹಾಕಿದರೆ ಮುಗಿಯಿತು. ರೈತನ ತಪ್ಪು ಅಂತ ನಾನು ಹೇಳಲಾರೆ. ಅದು ಗೋರಿ ಅಂತ ಅವನಿಗೆ ಯಾರು ಹೇಳಿದ್ದರು?

ಅಗೆದು ನೋಡುವ ಕೆಲಸ ಈ ಸೀಮೆಗೆ ಹೊಸದೇನಲ್ಲ. ನಿಜಾಮರ ಸೇವೆಯಲ್ಲಿ ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ 19ನೇ ಶತಮಾನದ ನಡುವಿನಲ್ಲಿ ಜೇವರ್ಗಿ ಹತ್ತಿರದ ಗೋರಿಗಳನ್ನು ಅಗೆಸಿದ. ಅಗೆದ ಗುಂಡಿಯ ಗೋಡೆಯಲ್ಲಿ ಯಾವ ಮಣ್ಣಿನ ಕೆಳಗೆ ಯಾವ ಮಣ್ಣಿದೆ, ಎಲುಬು ಎಲ್ಲಿ, ಮಡಕೆ ಎಲ್ಲಿ ಅಂತ ಪದರ ಪದರವಾಗಿ ಚಿತ್ರ ಬರೆದ. ಸುಮಾರು ನೂರು ವರ್ಷ ಕಳೆದ ಮೇಲೆ ಹೆಸರಾಂತ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಆ ಚಿತ್ರಗಳನ್ನು ಮೆಚ್ಚಿದರು. 1954ರಲ್ಲಿ ಬಿ.ಕೆ. ಥಾಪರ್ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಗೆದಾಗ ಹೊಸ ಶಿಲಾಯುಗದಿಂದ ಮಧ್ಯಯುಗದವರೆಗೆ ನಾಲ್ಕು ಕಾಲದ ಪದರಗಳು ಸಿಕ್ಕವು. ಬಳ್ಳಾರಿಯ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆದರು. ಹಿಂದೆ ಅಲ್ಲಿ ಬದುಕಿದ್ದ ಜನ ಎಳೆ ಮಕ್ಕಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರು.

ಟೇಲರ್ ಬರೆದ ಚಿತ್ರಕ್ಕೆ ಅಷ್ಟು ಬೆಲೆ ಯಾಕೆ? ಒಂದು ಕಲ್ಲುಪೆಟ್ಟಿಗೆ ಗೋರಿ ತೆಗೆಯುವುದನ್ನೇ ನೋಡಿ. ಮೊದಲು ಮುಚ್ಚುಗಲ್ಲು ಸರಿಸುತ್ತಾರೆ. ಒಳಗೆ ಶತಮಾನಗಳಿಂದ ಇಳಿದ ಮಣ್ಣು. ಅದನ್ನು ಕರಣೆಯಿಂದ ತೆಳ್ಳಗೆ ಕೆರೆದು, ಬ್ರಷ್‌ನಿಂದ ಗುಡಿಸಿ, ತೆಗೆದ ಮಣ್ಣನ್ನೆಲ್ಲ ಜರಡಿ ಹಿಡಿಯುತ್ತಾರೆ. ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಮಡಕೆಗಳು ಬರುತ್ತವೆ. ತುಕ್ಕು ಹಿಡಿದ ಕಬ್ಬಿಣದ ಬಾಣದ ಮೊನೆಯೋ ಚಾಕುವೋ ಬರಬಹುದು. ಎಲುಬು ಎಷ್ಟೋ ಸಲ ಪೂರ್ತಿ ಇರುವುದಿಲ್ಲ. ತಲೆಬುರುಡೆ, ಕೈಕಾಲಿನ ಕೆಲವು ಎಲುಬು, ಅಷ್ಟೇ. ಅಂದರೆ ಹೆಣವನ್ನು ಬೇರೆಲ್ಲೋ ಇಟ್ಟು, ಆಮೇಲೆ ಎಲುಬು ಆರಿಸಿ ತಂದು ಇಲ್ಲಿ ಇಟ್ಟಿರಬಹುದು. ಒಂದೇ ಗೋರಿಯಲ್ಲಿ ಇಬ್ಬರು ಮೂವರ ಎಲುಬು ಸಿಕ್ಕರೆ, ಕಿಂಡಿ ಬೇಕಾಗಿದ್ದು ಮತ್ತೆ ಮತ್ತೆ ತೆರೆಯಲಿಕ್ಕಾ ಅನ್ನುವ ಪ್ರಶ್ನೆ ಏಳುತ್ತದೆ. ಉತ್ತರ ಇರುವುದು ಎಲುಬಿನಲ್ಲಲ್ಲ, ಅದು ಮಲಗಿದ್ದ ರೀತಿಯಲ್ಲಿ. ಜೆಸಿಬಿ ಬಕೆಟ್ ಒಮ್ಮೆ ಇಳಿದರೆ ಎಲುಬು ಸಿಗಬಹುದು, ಆ ರೀತಿ ಮಾತ್ರ ಹೋಗಿಬಿಡುತ್ತದೆ.

ಜೆಸಿಬಿಗಿಂತ ಮೊದಲೇ ಬರುವವರು ನಿಧಿಗಳ್ಳರು. ಗೋರಿಯಲ್ಲಿ ಬಂಗಾರ ಇರುತ್ತೆ ಅಂತ ನಂಬಿ, ರಾತ್ರಿ ಹಾರೆ ಹಾಕಿ ಚಪ್ಪಡಿ ಕೆಡವುತ್ತಾರೆ. ಸಿಗುವುದು ಮಡಕೆ ಚೂರು. ಸಿಟ್ಟಿಗೆ ಅದನ್ನೂ ಒಡೆದು ಹೋಗುತ್ತಾರೆ.

ಬಳ್ಳಾರಿ ಪಕ್ಕದ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡಗಳದ್ದು ಬೇರೆ ಕತೆ. ಅಲ್ಲಿ ಹೊಸ ಶಿಲಾಯುಗದ ಊರು, ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗ, ಬಂಡೆಯ ಮೇಲೆ ಕುಟ್ಟಿದ ಚಿತ್ರ, ಬಡಿದರೆ ಗಂಟೆಯಂತೆ ನುಡಿಯುವ ಕಲ್ಲು ಎಲ್ಲ ಇವೆ. 19ನೇ ಶತಮಾನದಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಜಾಗವನ್ನು ಗುರುತಿಸಿದ್ದ. ಆಮೇಲೆ ಕಲ್ಲು ಗಣಿಗಾರಿಕೆ ಗುಡ್ಡದ ಮೈಗೇ ಬಂತು. ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ವಿದೇಶಿ ಸಂಗಡಿಗರು ಅಗೆದದ್ದು, ದಾಖಲಿಸಿದ್ದು ಕ್ವಾರಿಯ ಸದ್ದಿನ ನಡುವೆಯೇ. ಸಿಕ್ಕ ವಸ್ತುಗಳಿಗೆ ಬಳ್ಳಾರಿಯಲ್ಲಿ ಫೂಟ್ ಹೆಸರಿನ ಮ್ಯೂಸಿಯಂ ಆಗಿದೆ. ಮಕ್ಕಳನ್ನು ಕರೆದುಕೊಂಡು ಹೋಗಲೇಬೇಕಾದ ಜಾಗ ಅದು.

ಹಾಗಾದರೆ ಆಮೇಲಿನ ಕಾಲದವರು, ಚಾಲುಕ್ಯ ರಾಷ್ಟ್ರಕೂಟರ ದಿನಗಳಲ್ಲಿ ಇಲ್ಲಿ ಬದುಕಿದವರು, ಎಲ್ಲಿ ಮಲಗಿದ್ದಾರೆ? ಹೆಸರಿದ್ದವರಿಗೆ ಕಲ್ಲು ಸಿಕ್ಕಿದೆ. ಕಾದಾಡಿ ಸತ್ತವನಿಗೆ ವೀರಗಲ್ಲು, ಸಲ್ಲೇಖನ ಮಾಡಿದವರಿಗೆ, ಅಂದರೆ ಉಪವಾಸವಿದ್ದು ಪ್ರಾಣ ಬಿಟ್ಟ ಜೈನರಿಗೆ, ನಿಷಿಧಿ ಅನ್ನುವ ನೆನಪಿನ ಕಲ್ಲು. ಕೊಪ್ಪಳದ ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನವಿರುವ ಬೆಟ್ಟದಲ್ಲೇ ಒಂದು ಜೋಡಿ ಪಾದ ಕೊರೆದಿದ್ದಾರೆ. ‘ಜಟಾಸಿಂಗನಂದ್ಯಾಚಾರ್ಯರ ಪದವಂ ಚಾವಯ್ಯಂ ಮಾಡಿಸಿದಂ’ ಅಂತ ಹಳಗನ್ನಡದಲ್ಲಿ ಬರೆದಿದೆ. ಜೈನ ಆಚಾರ್ಯರ ಹೆಸರೂ ಉಳಿಯಿತು, ಪಾದ ಮಾಡಿಸಿದ ಚಾವಯ್ಯನ ಹೆಸರೂ ಉಳಿಯಿತು. ಅದೇ ಕಾಲದ ಕುಂಬಾರ, ಕೂಲಿಯವರಿಗೆ ಗುರುತಿನ ಕಲ್ಲಿಲ್ಲ. ಅವರು ಏನು ತಿಂದರು, ಎಷ್ಟು ವರ್ಷ ಬದುಕಿದರು, ಯಾವ ಕಾಯಿಲೆ ಇತ್ತು ಅಂತ ಹೇಳಬಲ್ಲದ್ದು ಮಣ್ಣಿನೊಳಗಿನ ಹಲ್ಲು, ಎಲುಬು ಮಾತ್ರ. ಕಲ್ಲಿಲ್ಲದ ಸ್ಮಶಾನ ಪಾಯ ತೋಡುವಾಗಲೇ ಕಣ್ಣಿಗೆ ಬೀಳುವುದು.

ಕಾನೂನು ಇದೆ. ಪ್ರಾಚೀನ ಸ್ಮಾರಕಗಳ ರಕ್ಷಣೆಗಿರುವ 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು. ಆದರೆ ಇದು ಪಟ್ಟಿಯಲ್ಲಿರುವ ಜಾಗಕ್ಕೆ ಮಾತ್ರ. ಹಿರೇಬೆಣಕಲ್ ಪಟ್ಟಿಯಲ್ಲಿದೆ; 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಪಟ್ಟಿಗೆ ಬಾರದ ಗೋರಿಗೆ ಈ ಮೀಟರ್ ಲೆಕ್ಕ ಯಾವುದೂ ಇಲ್ಲ. ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಅಂದಿತ್ತು 1878ರ ನಿಧಿ ಕಾಯ್ದೆ. ಎಲುಬಿಗೆ ರೂಪಾಯಿಯಲ್ಲಿ ಬೆಲೆ ಕಟ್ಟುವುದು ಹೇಗೆ?

ನನ್ನ ಬೇಡಿಕೆ ಇಷ್ಟೇ. ಕ್ವಾರಿಗೆ, ಲೇಔಟ್‌ಗೆ ಪರವಾನಗಿ ಕೊಡುವ ಮುಂಚೆ ಪುರಾತತ್ವ ಬಲ್ಲವರೊಬ್ಬರು ಆ ನೆಲದ ಮೇಲೆ ನಡೆದು ನೋಡಲಿ. ಗೋರಿ ಕಂಡರೆ ಅಗೆದು ದಾಖಲಿಸಲು ಸಮಯ ಕೊಡಲಿ, ಖರ್ಚನ್ನು ಪರವಾನಗಿ ಪಡೆಯುವವರೇ ಕೊಡಲಿ. ಹೊಲದಲ್ಲಿ ಮಡಕೆಯೋ ಚಪ್ಪಡಿಯೋ ಎದ್ದರೆ ಅದನ್ನು ಎತ್ತದೆ, ಇದ್ದ ಹಾಗೇ ಫೋಟೋ ತೆಗೆದು ತಹಶೀಲ್ದಾರರಿಗೆ ತಿಳಿಸಿ.