ಕೀಬೋರ್ಡ್ ಸತ್ತರೆ ವಿಂಡೋಸ್ ಏನು ಮಾಡೀತು?

"ಲ್ಯಾಪ್‌ಟಾಪಿನ ಫ್ಯಾನ್ ಕ್ಲೀನ್ ಮಾಡಿಸಿದ್ದು ಅಷ್ಟೇ, ಕೀಬೋರ್ಡ್ ಹೋಯಿತು. ಫಾರ್ಮ್ಯಾಟ್ ಮಾಡಿಸಿದೆವು, ಆದರೂ ಬರಲಿಲ್ಲ."

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ನನ್ನ ರಿಪೇರಿ ಮೇಜಿನ ಮುಂದೆ ನಿಂತು ಯಾರಾದರೂ ಹೀಗೆಂದರೆ ನನಗೆ ಮಂಡೆಬಿಸಿ ಆಗುವುದು ಎರಡನೆಯ ಮಾತಿಗೆ. ಬಿಚ್ಚಿ ಜೋಡಿಸುವಾಗ ಏನಾದರೂ ತಪ್ಪುವುದುಂಟು, ನನ್ನಿಂದಲೂ ಆಗಿದೆ. ಆದರೆ ಡಿಸ್ಕ್ ಒರೆಸಿ ವಿಂಡೋಸ್ ಹೊಸದಾಗಿ ಹಾಕುವ ಈ ಫಾರ್ಮ್ಯಾಟ್ ಯಾಕೆ ಮಾರಾಯ್ರೆ?

ಕಳೆದ ಮಳೆಗಾಲದಲ್ಲಿ ಡೊಂಬಿವಲಿಯಿಂದ ಹೋಟೆಲ್ ಮ್ಯಾನೇಜರ್ ಒಬ್ಬರು ಬಂದರು. ಕುಂದಾಪುರದ ಕಡೆಯವರು. ದಾದರಿನಲ್ಲಿ ಗಾಡಿ ಬದಲಿಸಿ, ಪ್ಲಾಸ್ಟಿಕ್ ಸುತ್ತಿದ ಲ್ಯಾಪ್‌ಟಾಪನ್ನು ಎದೆಗೆ ಒತ್ತಿಕೊಂಡು ಗ್ರಾಂಟ್ ರೋಡಿಗೆ ಇಳಿದಿದ್ದರು. ಅಷ್ಟರಲ್ಲಿ ಎರಡು ಸಲ ಫಾರ್ಮ್ಯಾಟ್ ಆಗಿತ್ತು. ಹೋಟೆಲಿನ ಮೂರು ವರ್ಷದ ಲೆಕ್ಕ, ತಂಗಿಯ ಮದುವೆ ಫೋಟೋ, ಯಾವುದೂ ಉಳಿದಿರಲಿಲ್ಲ. ತಳದ ಮುಚ್ಚಳ ಬಿಚ್ಚಿದರೆ, ಕೀಬೋರ್ಡಿನಿಂದ ಮದರ್‌ಬೋರ್ಡಿಗೆ ಹೋಗುವ ತೆಳ್ಳಗಿನ ಪಟ್ಟಿ ಕೇಬಲ್ ಓರೆಯಾಗಿ ಕೂತಿತ್ತು. ಮೇಲೆ ಲಾಕ್ ಮಾತ್ರ ಚೆಂದವಾಗಿ ಹಾಕಿದ್ದರು! ನೆಟ್ಟಗೆ ಕೂರಿಸಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಬೈಯೋಣವೆಂದರೆ ಆ ಮುಖ ನೋಡಿ ಬಾಯಿ ಬರಲಿಲ್ಲ. ದುಡ್ಡೂ ಕೇಳಲಿಲ್ಲ. ಮರುವಾರ ಬನ್ಸ್ ಕಟ್ಟಿಸಿಕೊಂಡು ಬಂದರು.

ವಿಂಡೋಸ್ ಇರುವುದು ಡಿಸ್ಕಿನಲ್ಲಿ. ಅದು ಏಳುವ ಮೊದಲೇ ಯಂತ್ರವನ್ನು ಎಬ್ಬಿಸುವ ಬಯಾಸ್ ಮದರ್‌ಬೋರ್ಡಿನ ಚಿಪ್ಪಿನಲ್ಲಿದೆ. ಆನ್ ಮಾಡಿದ ಕೂಡಲೇ ಡೆಲ್, ಏಸರ್, ಆಸುಸ್‌ಗಳಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10 ಬಿಡದೆ ಒತ್ತುತ್ತಿದ್ದರೆ ಬಯಾಸ್ ಪರದೆ ತೆರೆಯುತ್ತದೆ. ಕೀಬೋರ್ಡ್ ಪೂರ್ತಿ ಸತ್ತಿದ್ದರೆ ಹೊರಗಿನ ಯುಎಸ್‌ಬಿ ಕೀಬೋರ್ಡಿನಿಂದ ಒಳಹೊಕ್ಕು, ಆಮೇಲೆ ಲ್ಯಾಪ್‌ಟಾಪಿನದ್ದರಲ್ಲಿ ಬಾಣದ ಗುರುತಿನ ಕೀ ಒತ್ತಿ ನೋಡಿ. ಅಲ್ಲೂ ಅಲುಗದಿದ್ದರೆ, ಅಥವಾ ಪರದೆಯಲ್ಲಿ ಗೆರೆ ಬರುವ ತೊಂದರೆಯಿದ್ದು ಆ ಗೆರೆಗಳು ಅಲ್ಲೂ ಕಂಡರೆ, ತಪ್ಪು ವಿಂಡೋಸಿನದ್ದಲ್ಲ; ಆ ಹೊತ್ತಿಗೆ ಅದು ಇನ್ನೂ ಎದ್ದೇ ಇಲ್ಲ. ಎದ್ದಿಲ್ಲದವನ ಮೇಲೆ ತಪ್ಪು ಹೊರಿಸಿ ಅವನ ಮನೆ ಒರೆಸಿ ಹಾಕುವುದೇ ನೀವು ಮಾಡಿಸುವ ಫಾರ್ಮ್ಯಾಟ್. ಹತ್ತು ಸಲ ಮಾಡಿಸಿದರೂ ಓರೆ ಕೇಬಲ್ ಓರೆಯೇ.

ಇದರ ತಿರುಗುಮುರುಗು ನಿಜವೆಂದು ಹೇಳಲಾರೆ. ಬಯಾಸಿನಲ್ಲಿ ಎಲ್ಲ ಸರಿ ಕಂಡ ಯಂತ್ರ ಬಿಸಿಯೇರಿದ ಮೇಲೆ ಕೈಕೊಡಬಹುದು. ಅನೇಕ ಮಾಡೆಲ್‌ಗಳ ಬಯಾಸಿನಲ್ಲಿ ಟಚ್‌ಪ್ಯಾಡ್ ಮೊದಲಿಂದಲೂ ಓಡುವುದಿಲ್ಲ, ಅದಕ್ಕೆ ಹೆದರಬೇಡಿ. ಬಿಚ್ಚಿ ಜೋಡಿಸಿದ ಮೇಲೆ ವೈಫೈ ರೂಟರಿನ ಪಕ್ಕ ಕೂತರೆ ಮಾತ್ರ ಸಿಗುತ್ತಿದ್ದರೆ ಆಂಟೆನಾದ ಸಣ್ಣ ವೈರು ಕಳಚಿರುವ ಸಾಧ್ಯತೆ ಹೆಚ್ಚು.

ರಿಪೇರಿಯಾದ ಮೇಲೆ ಹೊಸ ತೊಂದರೆ ಬಂದರೆ ಮೊದಲು ಅದೇ ಅಂಗಡಿಗೆ ಹೋಗಿ, ಯಾವ ಯಾವ ಕೇಬಲ್ ಬಿಚ್ಚಿದ್ದಿರಿ ಎಂದು ಕೇಳಿ. ನೀವೇ ಸ್ಕ್ರೂ ಬಿಚ್ಚಿಕೊಂಡು ಬಂದರೆ ಅವರು ಹೊಣೆ ಹೊರುವುದಿಲ್ಲ, ಅದೂ ನ್ಯಾಯವೇ. ಉದ್ದದ ಸ್ಕ್ರೂವನ್ನು ಗಿಡ್ಡ ತೂತಿಗೆ ತಿರುಪಿ ಬೋರ್ಡ್ ಸುಟ್ಟವರನ್ನು ನೋಡಿದ್ದೇನೆ.

ಡೊಂಬಿವಲಿಯ ಮ್ಯಾನೇಜರ್ ಮೊನ್ನೆ ಫೋನ್ ಮಾಡಿದ್ದರು. "ಅಣ್ಣ, ಬಿಲ್ ಪ್ರಿಂಟರ್ ನಿಂತುಹೋಗಿದೆ, ಎಫ್2 ಒತ್ತಲಾ?"

ಕಾಗದ ಮುಗಿದಿತ್ತು.