ಹೈಸ್ಕೂಲಿಗೆ ಸ್ವಂತ ಲ್ಯಾಪ್‌ಟಾಪ್ ದಿನಾ ಒಯ್ಯಬೇಕೇ?

ಓದುಗರ ಪ್ರಶ್ನೆ: ಈ ವರ್ಷ ಹೈಸ್ಕೂಲ್ ಸೇರುತ್ತಿದ್ದೇನೆ. ನನ್ನದೇ ಒಂದು ಲ್ಯಾಪ್‌ಟಾಪ್ ಇದೆ. ಶಾಲೆಯಲ್ಲೂ ಕಂಪ್ಯೂಟರ್‌ಗಳಿವೆ, ಸ್ವಂತದ್ದು ತಂದರೂ ಅಡ್ಡಿಯಿಲ್ಲ ಎನ್ನುತ್ತಾರೆ. ದಿನಾ ಒಯ್ಯಲೇ, ಮನೆಯಲ್ಲೇ ಬಿಡಲೇ?

ಉತ್ತರ: ಮೊದಲ ಎರಡು ವಾರ ಮನೆಯಲ್ಲೇ ಬಿಡಿ. ವೇಳಾಪಟ್ಟಿಯ ಒಂದು ಪ್ರತಿ ಜೊತೆಗಿಟ್ಟುಕೊಂಡು, ಕಂಪ್ಯೂಟರ್ ಇಲ್ಲದೆ ನಿಜವಾಗಿ ಕೆಲಸ ನಿಂತುಹೋದ ಪೀರಿಯಡ್‌ಗೆ ಗುರುತು ಹಾಕುತ್ತ ಬನ್ನಿ. ಇದ್ದಿದ್ದರೆ ಅನುಕೂಲವಾಗುತ್ತಿತ್ತು ಅನ್ನಿಸಿದ್ದಕ್ಕೆಲ್ಲ ಗುರುತು ಬೇಡ. ಶಾಲೆಯ ಕಂಪ್ಯೂಟರ್ ಸಿಗದೆ ಅಥವಾ ಅದರಲ್ಲಿ ಬೇಕಾದ ಸಾಫ್ಟ್‌ವೇರ್ ಇಲ್ಲದೆ ಕೈಕಟ್ಟಿ ಕೂತ ಪೀರಿಯಡ್ ಮಾತ್ರ ಲೆಕ್ಕಕ್ಕೆ. ಎರಡು ವಾರದ ಕೊನೆಗೆ ಗುರುತುಗಳೆಲ್ಲ ಒಂದೆರಡು ದಿನಗಳಲ್ಲೇ ಗುಂಪುಗೂಡಿದ್ದರೆ ಆ ದಿನಗಳಲ್ಲಿ ಮಾತ್ರ ಒಯ್ಯಿರಿ. ವಾರದ ಎಲ್ಲ ದಿನವೂ ಗುರುತು ಬಿದ್ದಿದ್ದರೆ ದಿನಾ ಒಯ್ಯುವುದರಲ್ಲಿ ಅರ್ಥವಿದೆ. ಒಂದೂ ಬೀಳದಿದ್ದರೆ ಅದು ಮನೆಯಲ್ಲೇ ಸುರಕ್ಷಿತ. ಇಡೀ ವರ್ಷಕ್ಕೆ ಒಂದೇ ಸಲ ಹೂಂ ಅಥವಾ ಊಹೂಂ ಎಂದು ತೀರ್ಮಾನಿಸುವುದರಿಂದಲೇ ಹೆಚ್ಚಿನವರು ಬೇಡದ ದಿನವೂ ಅದನ್ನು ಹೊತ್ತು ತಿರುಗುತ್ತಾರೆ.

ಪ್ರಬಂಧ ಬರೆಯುವುದು, ವೆಬ್ ಹುಡುಕಾಟ, ಸ್ಲೈಡ್ ತಯಾರಿ ಇವಕ್ಕೆ ಶಾಲೆಯ ಯಂತ್ರ ಧಾರಾಳ ಸಾಕು. ಫೈಲ್‌ಗಳು ಕ್ಲೌಡ್‌ನಲ್ಲಿದ್ದರೆ ಶಾಲೆಯಲ್ಲಿ ಅರ್ಧ ಮುಗಿಸಿದ್ದನ್ನು ಮನೆಯ ಲ್ಯಾಪ್‌ಟಾಪ್‌ನಲ್ಲಿ ಮುಂದುವರಿಸಬಹುದು. ಶಾಲೆಯ ಯಂತ್ರದಲ್ಲಿ ಕೆಲಸ ಮುಗಿದ ಮೇಲೆ ನಿಮ್ಮ ಖಾತೆಯಿಂದ ಲಾಗ್‌ಔಟ್ ಆಗಲು ಮರೆಯಬೇಡಿ, ಅಷ್ಟೇ. ಸ್ವಂತದ್ದು ನಿಜಕ್ಕೂ ಬೇಕಾಗುವುದು ಪ್ರೋಗ್ರಾಮಿಂಗ್, ವಿಡಿಯೊ ಎಡಿಟಿಂಗ್, ಸಂಗೀತ ಸಂಯೋಜನೆ, ಮೂರು ಆಯಾಮದ ವಿನ್ಯಾಸದಂಥ ಕೆಲಸಗಳಿಗೆ. ಅಲ್ಲಿ ನೀವೇ ಹೊಂದಿಸಿಕೊಂಡ ಸಾಫ್ಟ್‌ವೇರ್ ಬೇಕು, ಅದನ್ನು ಇನ್‌ಸ್ಟಾಲ್ ಮಾಡಲು ಶಾಲೆಯ ಯಂತ್ರ ಬಿಡುವುದಿಲ್ಲ. ಕೈಬರಹ ಕಷ್ಟವಾಗುವ ಅಥವಾ ಪರದೆಯ ಅಕ್ಷರ ದೊಡ್ಡದು ಮಾಡಿಯೇ ಓದಬೇಕಾದ ವಿದ್ಯಾರ್ಥಿಗೆ ಈ ಲೆಕ್ಕಾಚಾರ ಯಾವುದೂ ಅನ್ವಯಿಸದು. ಅಂಥವರು ಶಾಲೆಗೆ ತಿಳಿಸಿ ದಿನಾ ಒಯ್ಯಲಿ.

ನೋಟ್ಸ್ ಬರೆಯಲಿಕ್ಕೇ ಒಯ್ಯುತ್ತೇನೆ ಎನ್ನುವವರು ಸ್ವಲ್ಪ ಯೋಚಿಸಬೇಕು. ಟೈಪ್ ಮಾಡುವವರು ಪಾಠವನ್ನು ಪದಕ್ಕೆ ಪದ ಇಳಿಸಿಕೊಳ್ಳುತ್ತಾರೆ, ಹಾಗಾಗಿ ಪರಿಕಲ್ಪನೆಯ ಪ್ರಶ್ನೆಗಳಲ್ಲಿ ಹಿಂದೆ ಬೀಳುತ್ತಾರೆ ಎಂದು 2014ರ ಅಮೆರಿಕದ ಒಂದು ಅಧ್ಯಯನ ಹೇಳಿತ್ತು. 2019ರಲ್ಲಿ ಬೇರೆ ಸಂಶೋಧಕರು ಅದನ್ನೇ ಮತ್ತೆ ಮಾಡಿ ನೋಡಿದಾಗ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಟೈಪಿಂಗನ್ನೇ ದೂರುವಂತಿಲ್ಲ. ತೊಂದರೆ ಇರುವುದು ಪಕ್ಕದ ಟ್ಯಾಬ್‌ನಲ್ಲಿ. 2013ರಲ್ಲಿ ಕೆನಡಾದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಪಾಠದ ನಡುವೆ ಲ್ಯಾಪ್‌ಟಾಪ್‌ನಲ್ಲಿ ಬೇರೆ ಕೆಲಸ ಮಾಡಿದವರ ಅಂಕ ಇಳಿಯಿತು. ಅವರ ಪರದೆ ಕಣ್ಣಿಗೆ ಬೀಳುವ ಜಾಗದಲ್ಲಿ ಕೂತು, ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದವರ ಅಂಕ ಸುಮಾರು 17 ಶೇಕಡಾ ಕಡಿಮೆ ಬಂತು. ಅಂದರೆ ನೀವು ತೆರೆದ ಟ್ಯಾಬಿನ ಬೆಲೆಯನ್ನು ಹಿಂದಿನ ಬೆಂಚಿನವರೂ ತೆರುತ್ತಾರೆ. ಲೆಕ್ಕ, ರಸಾಯನಶಾಸ್ತ್ರದ ಸಮೀಕರಣ, ಚಿತ್ರ ಇರುವ ವಿಷಯಗಳಿಗಂತೂ ನೋಟ್‌ಬುಕ್ಕೇ ವೇಗ.

ಇನ್ನು ಭಾರ. ತುಂಬಿದ ಬ್ಯಾಗ್ ದೇಹತೂಕದ 10ರಿಂದ 15 ಶೇಕಡಾ ಮೀರಬಾರದು ಎಂಬುದು ಸಾಮಾನ್ಯವಾಗಿ ಕೊಡುವ ಸಲಹೆ. 50 ಕಿಲೋ ತೂಗುವವರಿಗೆ ಅದು 5ರಿಂದ 7.5 ಕಿಲೋ. 14 ಇಂಚಿನ ಲ್ಯಾಪ್‌ಟಾಪ್ ಚಾರ್ಜರ್ ಸಮೇತ ಸಾಮಾನ್ಯವಾಗಿ ಒಂದೂವರೆ ಕಿಲೋ ದಾಟುತ್ತದೆ, ಒಂದು ಲೀಟರ್ ನೀರಿನ ಬಾಟಲಿ ಇನ್ನೊಂದು ಕಿಲೋ. ಗೇಮಿಂಗ್ ಲ್ಯಾಪ್‌ಟಾಪ್ ಆದರೆ ಇಟ್ಟಿಗೆಯಂಥ ಚಾರ್ಜರ್ ಸೇರಿ ಮೂರು ಕಿಲೋ ಸಮೀಪಿಸುತ್ತದೆ, ಬ್ಯಾಟರಿ ಮೇಲೆ ಎರಡು ಮೂರು ಗಂಟೆಯೂ ನಿಲ್ಲುವುದು ಕಷ್ಟ, ಫ್ಯಾನ್ ಸದ್ದು ಬೇರೆ. ಅದನ್ನು ತರಗತಿಗೆ ಒಯ್ಯಬೇಡಿ ಎಂದೇ ನಮ್ಮ ಸಲಹೆ.

ಬ್ಯಾಟರಿಯ ವಿಷಯದಲ್ಲಿ ಕಂಪನಿಯ ಜಾಹೀರಾತನ್ನು ನಂಬದೆ ನೀವೇ ಅಳೆಯಿರಿ. ರಜೆಯ ದಿನ ಪೂರ್ತಿ ಚಾರ್ಜ್ ಮಾಡಿ, ಪರದೆಯ ಬೆಳಕನ್ನು ತರಗತಿಗೆ ಬೇಕಾಗುವಷ್ಟು, ಅಂದರೆ 60–70 ಶೇಕಡಾ ಇಟ್ಟು, ಶಾಲೆಯಲ್ಲಿ ಮಾಡುವಂಥ ಕೆಲಸವನ್ನೇ ಒಂದು ಗಂಟೆ ಮಾಡಿ. ಗಂಟೆಗೆ 12 ಶೇಕಡಾ ಇಳಿದರೆ ಏಳು ಗಂಟೆ ನಿಶ್ಚಿಂತೆ. 25 ಇಳಿದರೆ ಮಧ್ಯಾಹ್ನಕ್ಕೆ ಚಾರ್ಜರ್ ಹುಡುಕಬೇಕಾಗುತ್ತದೆ. ಇದರ ಹಿಂದಿನ ಲೆಕ್ಕ ಸರಳ: 50 ವ್ಯಾಟ್‌ಅವರ್‌ನ (ಅಂದರೆ 50 ವ್ಯಾಟನ್ನು ಒಂದು ಗಂಟೆ ಕೊಡಬಲ್ಲ) ಬ್ಯಾಟರಿಯಿಂದ ಬರೀ ಟೈಪಿಂಗ್‌ಗೆ 6–8 ವ್ಯಾಟ್ ಹೋಗುತ್ತದೆ, ವಿಡಿಯೊ ಕರೆಗೆ ಅದರ ದುಪ್ಪಟ್ಟು. ಮೂರು ನಾಲ್ಕು ವರ್ಷ ಹಳೆಯ ಬ್ಯಾಟರಿಯಲ್ಲಿ ಮೂಲ ಸಾಮರ್ಥ್ಯದ ಒಂದು ಪಾಲು ಆಗಲೇ ಸವೆದಿರುತ್ತದೆ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು 'ಡಿಸೈನ್ ಕೆಪಾಸಿಟಿ' (ಹೊಸದರಲ್ಲಿದ್ದ ಸಾಮರ್ಥ್ಯ) ಮತ್ತು 'ಫುಲ್ ಚಾರ್ಜ್ ಕೆಪಾಸಿಟಿ' (ಈಗ ಉಳಿದಿರುವುದು) ಹೋಲಿಸಿ. ಮ್ಯಾಕ್‌ನಲ್ಲಿ ಸೆಟ್ಟಿಂಗ್ಸ್‌ನ ಬ್ಯಾಟರಿ ಹೆಲ್ತ್ ಭಾಗದಲ್ಲಿ ಅದೇ ಮಾಹಿತಿ ಶೇಕಡಾವಾರು ಸಿಗುತ್ತದೆ.

ಪವರ್ ಬ್ಯಾಂಕ್ ಒಯ್ಯುತ್ತೇನೆ ಎನ್ನುವುದಾದರೆ, ಫೋನಿನ ಮಾಮೂಲಿ 10 ವ್ಯಾಟ್‌ನದು ಲ್ಯಾಪ್‌ಟಾಪ್‌ಗೆ ನಾಟುವುದಿಲ್ಲ. ಯುಎಸ್‌ಬಿ–ಸಿ ಪವರ್ ಡೆಲಿವರಿ (ಹೆಚ್ಚು ವ್ಯಾಟ್ ಕಳಿಸುವ ಚಾರ್ಜಿಂಗ್ ವಿಧಾನ) ಇರುವ, ಕನಿಷ್ಠ 45 ವ್ಯಾಟ್ ಕೊಡುವಂಥದ್ದು ಬೇಕು, ಲ್ಯಾಪ್‌ಟಾಪ್ ಕೂಡ ಆ ಪೋರ್ಟಿನಿಂದ ಚಾರ್ಜ್ ಆಗುವಂಥದ್ದಿರಬೇಕು. 20,000 ಎಂಎಎಚ್ ಎಂದು ಬರೆದಿದ್ದರೆ ಒಳಗಿರುವುದು ಸುಮಾರು 74 ವ್ಯಾಟ್‌ಅವರ್. ಪರಿವರ್ತನೆಯ ನಷ್ಟ ಕಳೆದು ಕೈಗೆ ಬರುವುದು 60ರ ಆಸುಪಾಸು. ತರಗತಿಯ ಗೋಡೆಯ ಸಾಕೆಟ್ ನೆಚ್ಚಿಕೊಳ್ಳಬೇಡಿ: ಸಾಕೆಟ್‌ಗಳು ಕಡಿಮೆ, ಕೇಳುವವರು ಹೆಚ್ಚು. ಓಡಾಡುವ ದಾರಿಗೆ ಅಡ್ಡಲಾಗಿ ಎಳೆದ ವೈರಿಗೆ ಯಾರಾದರೂ ಎಡವಿದರೆ ಲ್ಯಾಪ್‌ಟಾಪ್ ನೆಲಕ್ಕೆ, ಜೊತೆಗೆ ಚಾರ್ಜಿಂಗ್ ಪೋರ್ಟೂ ಮುರಿಯುತ್ತದೆ.

ಶಾಲೆಗೆ ಹೋಗುವ ಲ್ಯಾಪ್‌ಟಾಪ್ ಹಾಳಾಗುವುದು ಹೆಚ್ಚಾಗಿ ಬ್ಯಾಗಿನೊಳಗೇ. ಲ್ಯಾಪ್‌ಟಾಪ್ ಖಾನೆಗೆ ಕೈ ಹಾಕಿ ತಳವನ್ನು ಒತ್ತಿ ನೋಡಿ. ಬೆರಳಿಗೆ ಕೆಳಗಿನ ನೆಲ ಗಟ್ಟಿಯಾಗಿ ತಾಗಿದರೆ, ಬ್ಯಾಗನ್ನು ಬೆಂಚಿನ ಪಕ್ಕ ಧೊಪ್ಪನೆ ಇಟ್ಟ ಪ್ರತಿ ಸಲವೂ ಲ್ಯಾಪ್‌ಟಾಪಿನ ಅಂಚು ನೆಲಕ್ಕೆ ಬಡಿಯುತ್ತದೆ. ಒಳ್ಳೆಯ ಬ್ಯಾಗಿನಲ್ಲಿ ಆ ಖಾನೆ ತಳಕ್ಕಿಂತ ಮೇಲೇ ನಿಂತಿರುತ್ತದೆ. ನಿಮ್ಮದರಲ್ಲಿ ಇಲ್ಲದಿದ್ದರೆ ಮೂರು ಸೆಂಟಿಮೀಟರ್ ದಪ್ಪದ ಫೋಮ್ ಕತ್ತರಿಸಿ ತಳಕ್ಕೆ ಹಾಕಿ. ಮುಚ್ಚಳದ ಬದಿ ಬೆನ್ನಿನ ಮೆತ್ತೆಯ ಕಡೆ, ತಳದ ಬದಿ ಪುಸ್ತಕಗಳ ಕಡೆ ಇರಲಿ. ಚಾರ್ಜರ್ ಉಂಡೆ ಮುಚ್ಚಳಕ್ಕೆ ಒತ್ತಿಕೊಂಡಿದ್ದರೆ ಪರದೆಯಲ್ಲಿ ಬಿಳಿ ಮಚ್ಚೆ ಮೂಡುತ್ತದೆ, ಅದು ಹೋಗುವುದಿಲ್ಲ. ಗಂಟೆ ಹೊಡೆದ ಗಡಿಬಿಡಿಯಲ್ಲಿ ಕೀಬೋರ್ಡ್ ಮೇಲೆ ಪೆನ್ನೋ ಇಯರ್‌ಫೋನೋ ಬಿಟ್ಟು ಮುಚ್ಚಳ ಒತ್ತಿದರೆ ಪರದೆ ಸೀಳುವುದು ಖಚಿತ ಎನ್ನಬೇಕು, ಮುಚ್ಚುವ ಮೊದಲು ಅಂಗೈಯಿಂದ ಒಮ್ಮೆ ಸವರಿ. ಮುಚ್ಚಳವನ್ನು ಮೂಲೆಯಿಂದ ಎತ್ತಬೇಡಿ, ನಡುವಿನಿಂದ ಎತ್ತಿ. ಮೂಲೆಯಿಂದ ಎಳೆದಾಗ ತಿರುಚುವ ಬಲವೆಲ್ಲ ಒಂದೇ ಕೀಲಿನ ಮೇಲೆ ಬೀಳುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ವಿಂಡೋಸ್ ಲ್ಯಾಪ್‌ಟಾಪನ್ನು ಬರೀ ಸ್ಲೀಪ್‌ನಲ್ಲಿಟ್ಟು ಬ್ಯಾಗಿಗೆ ಹಾಕಿದರೆ, ಅಪ್‌ಡೇಟ್‌ಗೋ ಇನ್ನಾವುದಕ್ಕೋ ಅದು ತಾನಾಗಿ ಎಚ್ಚರಗೊಳ್ಳಬಹುದು. ಗಾಳಿಯಾಡದ ಬ್ಯಾಗಿನಲ್ಲಿ ಕಾದು, ತರಗತಿಯಲ್ಲಿ ತೆರೆಯುವ ಹೊತ್ತಿಗೆ ಬ್ಯಾಟರಿ ಖಾಲಿ. ಪವರ್ ಸೆಟ್ಟಿಂಗ್‌ನಲ್ಲಿ ಮುಚ್ಚಳ ಮುಚ್ಚಿದಾಗ ಹೈಬರ್ನೇಟ್ (ತೆರೆದ ಕೆಲಸವನ್ನು ಡಿಸ್ಕಿನಲ್ಲಿ ಉಳಿಸಿ ಪೂರ್ತಿ ಆರುವುದು) ಆಗುವಂತೆ ಇಡಿ. ಒಳಗಿರುವುದು ತಿರುಗುವ ಹಾರ್ಡ್‌ಡಿಸ್ಕ್ ಆದರೆ ಇದು ಇನ್ನೂ ಮುಖ್ಯ, ಏಕೆಂದರೆ ತಿರುಗುತ್ತಿರುವಾಗ ತಗಲುವ ಪೆಟ್ಟು ಡೇಟಾವನ್ನೇ ನುಂಗುತ್ತದೆ.

ಒಯ್ಯುವುದೆಂದು ಗಟ್ಟಿ ಮಾಡಿದ ಮೇಲೆ, ಮೊದಲ ದಿನಕ್ಕೆ ಮುಂಚೆ ಒಂದು ಸಂಜೆ ಕೂತು ಕೆಲವು ಕೆಲಸ ಮುಗಿಸಿ. ಕದ್ದವರು ಫೈಲ್ ಓದಲಾಗದಂತೆ ಮಾಡುವ ಡಿಸ್ಕ್ ಎನ್‌ಕ್ರಿಪ್ಷನ್ ಆನ್ ಇದೆಯೇ ನೋಡಿ: ವಿಂಡೋಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್. ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀಯನ್ನು ಕಾಗದಕ್ಕಿಳಿಸಿ ಮನೆಯಲ್ಲಿಡಿ. ಅದಿಲ್ಲದೆ ಲಾಕ್ ಆದರೆ ನಿಮ್ಮ ಫೈಲ್ ನಿಮಗೇ ಸಿಗುವುದಿಲ್ಲ. ಫೈಂಡ್ ಮೈ ಡಿವೈಸ್ ಆನ್ ಮಾಡಿ, ತಳದ ಸೀರಿಯಲ್ ನಂಬರಿನ ಫೋಟೊ ತೆಗೆದು ಮನೆಯವರ ಫೋನಿನಲ್ಲಿಡಿ. ಮುಖ್ಯ ಫೈಲ್‌ಗಳ ಒಂದು ಪ್ರತಿ ಕ್ಲೌಡ್‌ನಲ್ಲಿ, ಇನ್ನೊಂದು ಮನೆಯಲ್ಲೇ ಉಳಿಯುವ ಡಿಸ್ಕ್‌ನಲ್ಲಿ ಇರಬೇಕು. ಇಡೀ ಮನೆಗೆ ಅದೊಂದೇ ಲ್ಯಾಪ್‌ಟಾಪ್ ಆಗಿದ್ದು, ಬ್ಯಾಕಪ್ ಮಾಡುವ ಏರ್ಪಾಡೂ ಇಲ್ಲದಿದ್ದರೆ ದಯವಿಟ್ಟು ಒಯ್ಯಬೇಡಿ.

ಶಾಲೆಯವರನ್ನು ಕೇಳಬೇಕಾದ್ದನ್ನು ಲಿಖಿತವಾಗಿಯೇ ಕೇಳಿ. ಕಳೆದರೆ, ಒಡೆದರೆ ಹೊಣೆ ಯಾರದು? ಆಟದ ಪೀರಿಯಡ್‌ನಲ್ಲಿ ಬೀಗ ಹಾಕಿಡುವ ಜಾಗ ಇದೆಯೇ? ಪರೀಕ್ಷೆಯ ಸಾಫ್ಟ್‌ವೇರ್ ಯಾವುದು? ಬೇರೆ ವಿಂಡೋ ತೆರೆಯದಂತೆ ಲಾಕ್ ಮಾಡುವ ಪರೀಕ್ಷಾ ಬ್ರೌಸರ್‌ಗಳು ಎಲ್ಲ ಯಂತ್ರಗಳಲ್ಲೂ ಓಡುವುದಿಲ್ಲ. ಉದಾಹರಣೆಗೆ ಸೇಫ್ ಎಕ್ಸಾಮ್ ಬ್ರೌಸರ್ ವಿಂಡೋಸ್, ಮ್ಯಾಕ್, ಐಪ್ಯಾಡ್‌ಗಳಿಗಿದೆ, ಲಿನಕ್ಸ್‌ಗೆ ಇಲ್ಲ. ಇನ್‌ಸ್ಟಾಲ್ ಮಾಡಲು ಅಡ್ಮಿನ್ ಪಾಸ್‌ವರ್ಡ್ ಬೇಕು. ಅದು ಅಪ್ಪ ಅಮ್ಮನ ಬಳಿ ಮಾತ್ರ ಇದ್ದರೆ, ಪರೀಕ್ಷೆಯ ಬೆಳಿಗ್ಗೆ ಅಪ್‌ಡೇಟ್ ಕೇಳಿದಾಗ ಫಜೀತಿ. ಹಿಂದಿನ ರಾತ್ರಿಯೇ ಒಮ್ಮೆ ತೆರೆದು ನೋಡಿಬಿಡಿ.

ಶಾಲೆಯ ವೈಫೈ ಹಿಡಿಯದಿದ್ದರೆ ಮೊದಲು ಗಡಿಯಾರ ನೋಡಿ. ದಿನಾಂಕ ತಪ್ಪಿದ್ದರೆ ಸರ್ಟಿಫಿಕೇಟ್ (ನೆಟ್‌ವರ್ಕ್ ಅಸಲಿಯೇ ಎಂದು ತೋರಿಸುವ ಡಿಜಿಟಲ್ ಗುರುತುಪತ್ರ) ಪರಿಶೀಲನೆಯೇ ಸೋಲುತ್ತದೆ. ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ತಿರುಗಿಸುವ ವಿಪಿಎನ್ ಇದ್ದರೆ ಆಫ್ ಮಾಡಿ. ಶಾಲೆ ನಿಮ್ಮ ಯಂತ್ರದ ಹಾರ್ಡ್‌ವೇರ್ ವಿಳಾಸ (ನೆಟ್‌ವರ್ಕ್ ಅದನ್ನು ಗುರುತಿಸುವ ಸಂಖ್ಯೆ) ನೋಂದಾಯಿಸಿಕೊಂಡಿದ್ದರೆ, ವಿಳಾಸವನ್ನು ಬದಲಿಸುತ್ತಿರುವ ರ್‍ಯಾಂಡಮ್ ಅಡ್ರೆಸ್ ಸೌಲಭ್ಯವನ್ನು ಆ ಒಂದು ನೆಟ್‌ವರ್ಕಿಗೆ ಮಾತ್ರ ತೆಗೆದುಹಾಕಿ.

ಕೆಲವು ಶಾಲೆಗಳು ಸ್ವಂತ ಲ್ಯಾಪ್‌ಟಾಪ್‌ನಲ್ಲೂ ತಮ್ಮ ನಿಯಂತ್ರಣ ಸಾಫ್ಟ್‌ವೇರ್ ಅಥವಾ ರೂಟ್ ಸರ್ಟಿಫಿಕೇಟ್ (ಶಾಲೆ ಕೊಡುವ ಗುರುತುಪತ್ರಗಳನ್ನೆಲ್ಲ ಯಂತ್ರ ನಂಬುವಂತೆ ಮಾಡುವ ಫೈಲ್) ಹಾಕಿಸುತ್ತವೆ. ರೂಟ್ ಸರ್ಟಿಫಿಕೇಟ್ ಹಾಕಿದ ಮೇಲೆ ಶಾಲೆಯ ನೆಟ್‌ವರ್ಕ್‌ನಲ್ಲಿರುವಾಗ ಎನ್‌ಕ್ರಿಪ್ಟ್ ಆದ ವೆಬ್ ಸಂಚಾರವನ್ನೂ ಅವರ ಫಿಲ್ಟರ್ ಬಿಚ್ಚಿ ನೋಡಬಲ್ಲದು. ಬೇರೆ ಯೂಸರ್ ಖಾತೆ ಮಾಡಿಕೊಂಡರೆ ಸಾಕು ಎಂದುಕೊಳ್ಳಬೇಡಿ, ಇಂಥವು ಸಾಮಾನ್ಯವಾಗಿ ಇಡೀ ಯಂತ್ರಕ್ಕೇ ಅನ್ವಯಿಸುತ್ತವೆ. ಮನೆಗೆ ಬಂದ ಮೇಲೂ ಅದು ಕೆಲಸ ಮಾಡುತ್ತದೆಯೇ, ಶಾಲೆ ಬಿಡುವಾಗ ತೆಗೆಯುವವರು ಯಾರು ಎಂಬುದು ಮೊದಲೇ ತಿಳಿದಿರಬೇಕು. ಪೂರ್ತಿ ನಿಯಂತ್ರಣ ಕಡ್ಡಾಯ ಎನ್ನುವುದಾದರೆ ಶಾಲೆಯ ಯಂತ್ರವನ್ನೇ ಬಳಸಿ, ನಿಮ್ಮದನ್ನು ಮನೆಯಲ್ಲಿಡಿ.

ನೀರಿನ ಬಾಟಲಿ ಬ್ಯಾಗಿನ ಹೊರಜೇಬಿನಲ್ಲೇ ಇರಲಿ. ಆದರೂ ಕೀಬೋರ್ಡ್ ಮೇಲೆ ಚೆಲ್ಲಿದರೆ ಫೈಲ್ ಸೇವ್ ಮಾಡುವ ಆಸೆ ಬಿಟ್ಟು, ಚಾರ್ಜರ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಆರಿಸಿ. ತೆರೆದ ಪುಸ್ತಕವನ್ನು ಬೋರಲು ಹಾಕಿದಂತೆ ಮೇಜಿನ ಮೇಲೆ ನಿಲ್ಲಿಸಿ, ಕೆಳಗೆ ಬಟ್ಟೆ ಹಾಸಿ. ಅಕ್ಕಿಯಲ್ಲಿ ಹೂಳುವುದರಿಂದ ಪ್ರಯೋಜನವಿಲ್ಲ, ಹೇರ್ ಡ್ರೈಯರ್‌ನ ಬಿಸಿಗಾಳಿ ನೀರನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಒಣಗಿತೇನೋ ಎಂದು ಆನ್ ಮಾಡಿ ನೋಡುವ ಆ ಒಂದು ಪ್ರಯತ್ನದಲ್ಲೇ ಮದರ್‌ಬೋರ್ಡ್ ಸುಡುವುದು. ಆನ್ ಮಾಡದೆ ಅದೇ ದಿನ ರಿಪೇರಿಯವರಿಗೆ ಕೊಟ್ಟು, ಚೆಲ್ಲಿದ್ದು ನೀರೋ ಜ್ಯೂಸೋ ಎಂಬುದನ್ನೂ ಹೇಳಿ. ಸಕ್ಕರೆ ಸೇರಿದ್ದರೆ ಅವರು ಬೋರ್ಡನ್ನು ಬಿಚ್ಚಿ ತೊಳೆಯಲೇಬೇಕಾಗುತ್ತದೆ.